ನೆರೆ ಇಳಿದ ಮೇಲೆ ಗದ್ದೆಯಲ್ಲಿ ಉಳಿಯುವುದು

ನೆರೆ ತಂದ ಮೆಕ್ಕಲು ಗದ್ದೆಗೆ ವರವೆಂದು ಹಿರಿಯರು ಹೇಳುತ್ತಿದ್ದರು. ಅದು ನಿಜವೇ. ಆದರೆ ಈಗ ಅದರೊಡನೆ 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳೂ ಬರುತ್ತಿವೆ. ಮಣಿಪಾಲದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೇತ್ರಾವತಿಯ ನೀರು, ಹೂಳು, ಸುತ್ತಲಿನ ಮಣ್ಣು ಮೂರರಲ್ಲೂ ಅವು ಸಿಕ್ಕವು. 2018ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಂತೂ, ಸಂರಕ್ಷಿತ ನೆರೆಬಯಲುಗಳ ಮಣ್ಣಿನಲ್ಲೂ ಶೇಕಡಾ 90ರಷ್ಟು ಕಡೆ ಕಂಡುಬಂದವು.

ಬಯಲಿಗೆ ಹರಡಿದ ನೀರಿನ ವೇಗ ತಗ್ಗಿದಾಗ ಕಣಗಳು ತಳಕ್ಕಿಳಿಯುತ್ತವೆ. ಸೆಗಣಿ ಕೊಳೆತು ಗೊಬ್ಬರವಾಗುತ್ತದೆ. ಇದು ಹಾಗಲ್ಲ, ಉತ್ತಷ್ಟೂ ಮಣ್ಣಿನೊಳಗೆ ಬೆರೆಯುತ್ತದೆ. ಮತ್ತೆ ಆರಿಸಿ ತೆಗೆಯುವಂತಿಲ್ಲ. ತಡೆಯುವುದಾದರೆ ನೀರಿಗೆ ಬೀಳುವ ಮುನ್ನವೇ ತಡೆಯಬೇಕು.

ಹಬ್ಬದ ಮರುದಿನ ತೋಡಿನಲ್ಲಿ ತೇಲುವ ಲೋಟಗಳನ್ನು ಕಂಡೂ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಈ ಸಲ ಸ್ಟೀಲ್ ಲೋಟ ತರಿಸಿದ್ದೇವೆ. ತೊಳೆಯಲು ಯುವಜನರು ಬೇಕಾಗಿದ್ದಾರೆ.