ಪಾದ್ರಿ ಅಯ್ನೋರ ನಿವೃತ್ತಿ: ಎರಿನಾಡಿನಲ್ಲಿ ಕಲಿತ ಪಾಠಗಳು

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರ ಹೊತ್ತಿಗೆ ಘಟ್ಟ ಹತ್ತಿ ಧಾರವಾಡ ಮುಟ್ಟಿದರು. ಆಮೇಲೆ ಮಲ್ಲಸಮುದ್ರ, ಬೆಟಗೇರಿ, ಗುಳೇದಗುಡ್ಡ. ರೋಣ, ನರಗುಂದ, ಗಜೇಂದ್ರಗಡಗಳು ಇವುಗಳ ಆಸುಪಾಸಿನ ಊರುಗಳು. ಸಭಾಪಾಲಕನಾಗಿ ನಾನು ಹೆಚ್ಚು ತಿರುಗಿದ್ದು ಈ ಸೀಮೆಯಲ್ಲೇ, ನಿವೃತ್ತನಾಗಿ ಕೂತದ್ದೂ ಇಲ್ಲೇ, ರೋಣದಲ್ಲಿ. ನಿವೃತ್ತಿ ಹತ್ತಿರ ಬಂದ ಪಾಲಕರು ಕೇಳಿದರೆ ಹೇಳುವ ಮಾತುಗಳಿವು.

1. ಸೂರು ಮೊದಲು ನೋಡಿಕೊಳ್ಳಿ.

ಪಾಲಕರ ಮನೆ ಸಭೆಯದು. ವರ್ಗಾವಣೆಯ ಕಾಗದ ಬಂದಾಗಲೆಲ್ಲ ಗಂಟುಮೂಟೆ ಕಟ್ಟುವವನಿಗೆ ಸ್ವಂತ ಗೋಡೆಯ ಯೋಚನೆ ಬರುವುದು ತಡವಾಗಿಯೇ. ದೇವರು ಒದಗಿಸುತ್ತಾನೆ ನಿಜ, ಪಾಯ ಮಾತ್ರ ನಾವೇ ತೋಡಿಸಬೇಕು. ರೋಣದ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಗರಸು ಸಿಗುವ ತನಕ ಅಗೆಯದೆ ಎಬ್ಬಿಸಿದ ಗೋಡೆ ಸೀಳದೆ ಬಿಡುವುದಿಲ್ಲ. ನಮ್ಮ ಗೌಂಡಿ ಕುಣಿಯೊಳಗೆ ಇಳಿದು, ಹಾರೆಯಿಂದ ಕುಟ್ಟಿ, ಸಪ್ಪಳ ಕೇಳಿ, “ಇನ್ನೊಂದ್ ಮೊಳ ಹೋಗೂನ್ರಿ ಅಯ್ನೋರ, ಇದು ಇನ್ನೂ ಎರಿನ ಐತಿ” ಅಂದ. ಕೈಯಲ್ಲಿದ್ದ ದುಡ್ಡಿನಲ್ಲಿ ದೊಡ್ಡ ಪಾಲು ನೆಲದೊಳಗೇ ಹೋಯಿತು. ಮೇಲೆ ಎದ್ದದ್ದು ಎರಡು ಕೋಣೆ, ಒಂದು ಪಡಸಾಲೆ. ಮಿಶನ್ ಬಂಗಲೆಯ ಎತ್ತರದ ಹೆಂಚಿನ ಮಾಡು ಕೆಲವು ದಿನ ನೆನಪಾಗುತ್ತಿತ್ತು, ಈಗ ಇಲ್ಲ.

2. ಹೊಸ ಪಾಲಕರ ದಾರಿಗೆ ಅಡ್ಡ ನಿಲ್ಲಬೇಡಿ.

ನಮ್ಮ ಸೀಮೆಯ ಜನಕ್ಕೆ ನಿವೃತ್ತ ಗುರು ಎಂಬುದೇ ವಿಚಿತ್ರ. ಗದುಗಿನ ತೋಂಟದಾರ್ಯ ಮಠ, ಹಾಲಕೆರೆಯ ಅನ್ನದಾನೇಶ್ವರ ಮಠಗಳನ್ನು ಕಂಡವರು ಅವರು. ಉತ್ತರಾಧಿಕಾರಿಯನ್ನು ನೇಮಿಸಿದ ಮೇಲೂ ಹಿರಿಯ ಸ್ವಾಮಿಗಳು ಸ್ವಾಮಿಗಳೇ. ಪಾದ್ರಿಗೆ ಮಾತ್ರ ಒಂದು ದಿನ ಕಾಗದ ಬರುತ್ತದೆ. ಹಾಗಾಗಿ ಹಳೆಯ ಸಭೆಯಿಂದ ಫೋನು ತಪ್ಪುವುದಿಲ್ಲ: “ನಮ್ಮಪ್ಪನ ಮಣ್ಣಿಗೆ ನೀವ ಬರಬೇಕ್ರಿ ಅಯ್ನೋರ.” ಹೋಗಿ, ಆದರೆ ಮನೆಯವರ ಸಾಲಿನಲ್ಲಿ ನಿಂತುಕೊಳ್ಳಿ. ಈಗಿನ ಪಾಲಕರು ಕರೆದರೆ ಒಂದು ಪ್ರಾರ್ಥನೆ ಮಾಡಿ, ಸಾಕು. ಮದುವೆಗೂ ಇದೇ ಲೆಕ್ಕ. ಸಭೆಯ ಜಗಳ ನಿಮ್ಮ ಕಿವಿಗೆ ಬಂದೇ ಬರುತ್ತದೆ, ಅಭಿಪ್ರಾಯ ಹೇಳಬೇಡಿ. ಉಪವಾಸ ಇದಕ್ಕಿಂತ ಸುಲಭ.

3. ಕೆಲಸ ಬಿಡಬೇಡಿ, ಜಾಗ ಬದಲಿಸಿ.

ಇದನ್ನು ನನಗೆ ತೋರಿಸಿಕೊಟ್ಟದ್ದು ಗಜೇಂದ್ರಗಡದ ನೇಕಾರರ ಓಣಿ. ಅಲ್ಲಿ ಕಣ್ಣು ಮಂಜಾದ ಮುದುಕ ಕುಣಿಮಗ್ಗದಿಂದ ಎದ್ದು ಮಗನಿಗೆ ಜಾಗ ಬಿಡುತ್ತಾನೆ, ತಾನು ರಾಟಿ ಎಳೆದುಕೊಂಡು ಕಂಡಿಕೆ ಸುತ್ತುತ್ತಾನೆ. ಸೀರೆಯ ಅಂಚಿನ ಬಗ್ಗೆ ಅವನು ಮಾತಾಡುವುದಿಲ್ಲ. ಕಂಡಿಕೆ ತಡವಾದರೆ ಮಗ್ಗ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ನನ್ನ ಪಾಲಿನ ಕಂಡಿಕೆ ಎಂದರೆ ಹಳೆಯ ದಾಖಲೆ ಪುಸ್ತಕಗಳು. ದೀಕ್ಷಾಸ್ನಾನದ ಪುಸ್ತಕ, 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬರೆದಿಡುವ ಮದುವೆ ಪುಸ್ತಕ, ಸಮಾಧಿಯ ಪುಸ್ತಕ. ಪಿಂಚಣಿಗೋ ಪಾಸ್‌ಪೋರ್ಟಿಗೋ ಜನ್ಮ ತಾರೀಖು ಬೇಕಾಗಿ ಜನ ಬರುತ್ತಾರೆ. ಹಳೆಯ ಪಾಲಕರ ಬರವಣಿಗೆ ಹುಡುಗರಿಗೆ ಓದಲು ಬಾರದು. ಶಾಯಿ ಕಂದಿರುತ್ತದೆ, ಅಡ್ಡಹೆಸರು ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಇರುತ್ತದೆ. ಈಗಿನ ಪಾಲಕರು ಹೇಳಿಕಳಿಸಿದಾಗ ಹೋಗಿ ಸಾಲು ಹುಡುಕಿಕೊಡುತ್ತೇನೆ. ಸಹಿ, ಮೊಹರು ಅವರದೇ. ಮೊದಲು ಹೆಸರು ಬರೆದು ದಾಟಿಬಿಡುತ್ತಿದ್ದ ಪುಟಗಳನ್ನು ಈಗ ನಿಧಾನವಾಗಿ ಓದುತ್ತೇನೆ. ಒಂದೇ ಮನೆಯ ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರೂ ಒಂದೇ ಮೇಜಿನ ಮೇಲೆ ಸಿಗುತ್ತವೆ. ಪ್ರಸಂಗಕ್ಕಿಂತ ಈ ಕೆಲಸದಲ್ಲಿ ನನಗೆ ಹೆಚ್ಚು ರುಚಿ ಹತ್ತಿದೆ.

4. ಪಾದ್ರಿಯಮ್ಮನಿಗೂ ನಿವೃತ್ತಿ ಕೊಡಿ.

ಆಕೆಗೆ ಸಂಬಳ ಇರಲಿಲ್ಲ, ಹಾಗಾಗಿ ನಿವೃತ್ತಿಯ ಕಾಗದವೂ ಬರಲಿಲ್ಲ. ಹೆಣ್ಣುಮಕ್ಕಳ ಪ್ರಾರ್ಥನಾ ಕೂಟ, ಭಾನುವಾರದ ಶಾಲೆ, ಬಾಣಂತಿಯರ ಮನೆ, ಆರಾಧನೆ ಮುಗಿಸಿ ದೂರದ ಹಳ್ಳಿಗೆ ಹೋಗುವವರಿಗೆಲ್ಲ ಊಟ. ಶನಿವಾರ ರಾತ್ರಿಯೇ ಬಡಿದು ಬುಟ್ಟಿ ತುಂಬಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಎಷ್ಟು ಮಂದಿ ಬರುತ್ತಾರೆಂದು ನಾನು ಹೇಳಿದ ಲೆಕ್ಕವನ್ನು ಆಕೆ ನಂಬುತ್ತಿರಲಿಲ್ಲ. ನಿವೃತ್ತಿಯ ಮೊದಲ ವಾರ ಹೇಳಿಬಿಟ್ಟಳು: “ಇನ್ನ ಐತವಾರ ನಾ ಒಲಿ ಹಚ್ಚೂದಿಲ್ಲ. ನೀವು ಬೇಕಾದ್ರ ಹಚ್ಚ್ರಿ.” ಹಚ್ಚುತ್ತಿದ್ದೇನೆ. ಅನ್ನ, ಸಾರು. ರೊಟ್ಟಿ ಬಡಿಯುವುದು ಇನ್ನೂ ಕೈಗೆ ಹತ್ತಿಲ್ಲ.

5. ಮಕ್ಕಳನ್ನು ಅವರ ಪಾಡಿಗೆ ಬಿಡಿ.

ಪಾದ್ರಿಯ ಮಗ ಪಾದ್ರಿಯಾಗಬೇಕೆಂದು ಸಭೆ ಬಯಸುತ್ತದೆ. ಮಂಗಳೂರಿನ ದೇವಜ್ಞಾನ ಕಾಲೇಜಿಗೆ ಹೋಗುವ ಕರೆ ಅಪ್ಪನ ಬಾಯಿಂದ ಬರುವಂಥದ್ದಲ್ಲ. ಊರೂರು ಶಾಲೆ ಬದಲಿಸಿದ ಮಕ್ಕಳು ನಮ್ಮ ಸೇವೆಗೆ ಆಗಲೇ ಸಾಕಷ್ಟು ಕೊಟ್ಟಿರುತ್ತಾರೆ.

6. ಎಲ್ಲ ಕಡೆ ಮಾತಾಡಬೇಕಿಲ್ಲ.

1980ರ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದಕ್ಕೆ ಎದ್ದ ಚಳವಳಿ ಅದು. ಪ್ರತಿವರ್ಷ ಆ ದಿನ ರೈತರು ವೀರಗಲ್ಲಿಗೆ ಹಾರ ಹಾಕಲು ಸೇರುತ್ತಾರೆ. ಸೇವೆಯಲ್ಲಿದ್ದಾಗ ಎಲ್ಲಿಗೆ ಹೋದರೂ “ಅಯ್ನೋರು ನಾಕ್ ಮಾತ್ ಹೇಳ್ರಿ” ಎನ್ನುತ್ತಿದ್ದರು. ಈಗ ಬಿಳಿ ನಿಲುವಂಗಿ ಇಲ್ಲದೆ ಹೋಗಿ ಜನರ ನಡುವೆ ನಿಲ್ಲುತ್ತೇನೆ. ಪಕ್ಕದವನು ಈರುಳ್ಳಿ ದರದ ಬಗ್ಗೆ, ಬ್ಯಾಂಕಿನ ನೋಟಿಸಿನ ಬಗ್ಗೆ ಹೇಳಿಕೊಳ್ಳುತ್ತಾನೆ. ಪಾದ್ರಿ ಎಂದು ಗೊತ್ತಿದ್ದರೆ ಪ್ರಾರ್ಥನೆ ಮಾಡ್ರಿ ಅನ್ನುತ್ತಿದ್ದ, ದರ ಎಷ್ಟೆಂದು ಹೇಳುತ್ತಿರಲಿಲ್ಲ.

7. ಪ್ರಸಂಗಕ್ಕೆ ಕರೆದರೆ.

ಸುಗ್ಗಿ ಹಬ್ಬಕ್ಕೆ ಕರೆಯುತ್ತಾರೆ, ಪಾಲಕರು ರಜೆ ಹೋದಾಗಲೂ ಕರೆಯುತ್ತಾರೆ. ಹೋಗಿ. ಕಾಲು ತಾಸಿಗೆ ಮುಗಿಸಿ, ಜೋಳದ ಚೀಲ, ಕೋಳಿ, ಕುಂಬಳಕಾಯಿ ಹರಾಜಿಗೆ ಕಾದಿರುತ್ತವೆ. ಹರಾಜಿನಲ್ಲಿ ಏನಾದರೂ ಕೂಗಿ ಕೊಳ್ಳಿ. ಬಸ್ ಖರ್ಚು ಬಾಯಿಬಿಟ್ಟು ಕೇಳಬೇಡಿ, ಲಕೋಟೆ ಕೊಟ್ಟರೆ ಬೇಡ ಎಂದು ನಾಟಕ ಮಾಡಲೂ ಬೇಡಿ.