ಹಬ್ಬದ ಮರುದಿನ: ಉಳಿದ ಮಾಂಸದಿಂದ ಹೊಟ್ಟೆ ತುಂಬುವ ಸ್ಯಾಂಡ್‌ವಿಚ್

ಬಕ್ರೀದ್ ದಿನದ ರಾತ್ರಿ ನಿಮ್ಮ ಅಡುಗೆಮನೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬಂದ ನೆಂಟರು ಊಟ ಮಾಡಿ ಹೋಗಿದ್ದಾರೆ. ಪಾತ್ರೆಯ ತಳದಲ್ಲಿ ಮಟನ್ ಸಾರು, ತಟ್ಟೆಯಲ್ಲಿ ನಾಲ್ಕಾರು ಕಬಾಬ್, ಒಂದಿಷ್ಟು ಬಿರಿಯಾನಿ ಉಳಿದಿದೆ. ಬೆಳಗಿನ ಜಾವದಿಂದ ನಿಂತು ದುಡಿದ ಕಾಲು ಸೋತಿವೆ. ‘ಮುಚ್ಚಿಟ್ಟರಾಯಿತು, ಬೆಳಿಗ್ಗೆ ಕುದಿಸೋಣ’ ಎಂದು ಮಲಗಿಬಿಡುತ್ತೇವೆ. ಹಬ್ಬದ ಮರುದಿನ ಮಕ್ಕಳ ಹೊಟ್ಟೆ ಕೆಡುವುದಕ್ಕೆ ಎಷ್ಟೋ ಸಲ ಈ ಒಂದು ಮಾತೇ ಕಾರಣ.

ಆಹಾರವನ್ನು ಪೋಲು ಮಾಡಬಾರದು ಎಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸುವ ಪಾಠ. ಆದರೆ ಕೆಟ್ಟ ಆಹಾರವನ್ನು ತಿಂದು ಮುಗಿಸುವುದು ಉಳಿತಾಯವಲ್ಲ. ಕೆಡುವ ಮೊದಲೇ ಕಾಪಾಡಿಕೊಂಡರೆ ಅದೇ ಮಾಂಸ ಮರುದಿನ ಒಳ್ಳೆಯ ಊಟವಾಗುತ್ತದೆ.

ಕುದಿಸಿದರೆ ಎಲ್ಲವೂ ಸರಿಹೋಗುತ್ತದೆಯೇ?

ಇಲ್ಲ. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಸಾರು ಗಂಟೆಗಟ್ಟಲೆ ಉಗುರು ಬೆಚ್ಚಗೆ ಇರುತ್ತದೆ. ಅವುಗಳಿಗೆ ಬೇಕಾದದ್ದೂ ಅದೇ. ಮರಳಿ ಕುದಿಸಿದಾಗ ರೋಗಾಣು ಸಾಯಬಹುದು. ಆದರೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಮತ್ತು ಕೈಯಿಂದ ಆಹಾರಕ್ಕೆ ಸೇರುವ ಸ್ಟೆಫಿಲೊಕಾಕಸ್ ಬಿಟ್ಟುಹೋದ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಅಂಥ ಆಹಾರಕ್ಕೆ ವಾಸನೆ, ಹುಳಿ ಏನೂ ಬಂದಿರಬೇಕೆಂದಿಲ್ಲ. ಆದ್ದರಿಂದ ಮೂಸಿ ನೋಡಿ ತೀರ್ಮಾನಿಸಬೇಡಿ. ಗಡಿಯಾರ ನೋಡಿ ತೀರ್ಮಾನಿಸಿ.

ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಆಹಾರ ಫ್ರಿಜ್ ಸೇರಬೇಕು. ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. 2025ರಲ್ಲಿ ಬಕ್ರೀದ್ ಜೂನ್ 7ಕ್ಕೆ ಬಂದಿತ್ತು. ಹಬ್ಬ ಪ್ರತಿ ವರ್ಷ 10-11 ದಿನ ಹಿಂದಕ್ಕೆ ಸರಿಯುವುದರಿಂದ, ಇನ್ನು ಕೆಲವು ವರ್ಷ ಹುಬ್ಬಳ್ಳಿ-ಧಾರವಾಡದ ಮೇ, ಏಪ್ರಿಲ್ ಬಿಸಿಲಿನಲ್ಲೇ ಬರಲಿದೆ. ನಮಗೆ ಆ 1 ಗಂಟೆಯ ಲೆಕ್ಕವೇ ಅನ್ವಯಿಸುತ್ತದೆ.

ರಾತ್ರಿಯೇ ಮಾಡಬೇಕಾದ ಕೆಲಸ

1. ಸಾರು, ಮಾಂಸವನ್ನು ಅಗಲವಾದ, ಆಳ ಕಡಿಮೆಯ ಡಬ್ಬಿಗಳಿಗೆ ಹಂಚಿ. ಬೇಗ ಆರುತ್ತದೆ.
2. ಊಟದ ತಟ್ಟೆಯಲ್ಲಿ ಕೈ ಹಾಕಿ ಉಳಿದದ್ದನ್ನು ಪಾತ್ರೆಗೆ ಮರಳಿ ಸೇರಿಸಬೇಡಿ.
3. ಖುರ್ಬಾನಿಯ ಹಸಿ ಮಾಂಸ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ, ಬೇಯಿಸಿದ್ದು ಮೇಲೆ ಇರಲಿ. ಹಸಿ ಮಾಂಸ ಕೊಯ್ದ ಚಾಕು, ಮಣೆಯನ್ನು ಸೋಪಿನಿಂದ ತೊಳೆಯದೆ ಬೇರೆಯದಕ್ಕೆ ಬಳಸಬೇಡಿ.
4. ಗಾಳಿಯಾಡಲು ಜಾಗವಿಲ್ಲದಂತೆ ತುರುಕಿದ ಫ್ರಿಜ್ ತಂಪು ಮಾಡುವುದಿಲ್ಲ. ಹಂಚಬೇಕಾದ ಪಾಲನ್ನು ಅದೇ ದಿನ ಹಂಚಿಬಿಡಿ.
5. ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ.

ಹೀಗೆ ಇಟ್ಟ ಮಾಂಸವನ್ನು 3 ದಿನದೊಳಗೆ, ಬಿರಿಯಾನಿಯನ್ನು ಮರುದಿನವೇ ಮುಗಿಸಿ. ಫ್ರಿಜ್ ಇಲ್ಲದ ಮನೆಯವರು ಉಳಿಸುವ ಯೋಚನೆ ಬಿಟ್ಟು, ಬಿಸಿ ಇರುವಾಗಲೇ ನೆರೆಮನೆಗೆ ಕಳಿಸುವುದು ಲೇಸು.

ಸ್ಯಾಂಡ್‌ವಿಚ್ ಮಾಡುವ ಬಗೆ (ನಾಲ್ವರಿಗೆ)

ಬೇಕಾಗುವುದು: ಬ್ರೆಡ್ 8 ತುಂಡು, ಬೆಂದ ಮಾಂಸ ಮೂಳೆ ತೆಗೆದು ಸುಮಾರು 250 ಗ್ರಾಂ (ಕಬಾಬ್ ಪುಡಿಯೂ ಆದೀತು), ಈರುಳ್ಳಿ 2, ಗಜ್ಜರಿ 1, ಸಣ್ಣಗೆ ಹೆಚ್ಚಿದ ಎಲೆಕೋಸು 1 ಬಟ್ಟಲು, ಸೌತೆಕಾಯಿ 1, ಲಿಂಬೆ ಅರ್ಧ, ಪುದೀನಾ-ಕೊತ್ತಂಬರಿ ಚಟ್ನಿ.

ಮೊದಲು ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಿರಿ. ನಮ್ಮ ಅನೇಕ ಬಡಾವಣೆಗಳಲ್ಲಿ ನಳದ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ತುಂಬಿಟ್ಟ ನೀರಿಗೆ ನೇರವಾಗಿ ಕೈ ಅದ್ದದೆ ತಂಬಿಗೆಯಿಂದ ಸುರಿದುಕೊಳ್ಳಿ.

ಫ್ರಿಜ್‌ನಿಂದ ತೆಗೆದ ಸಾರಿನ ಮೇಲೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಅದನ್ನು ಚಮಚದಿಂದ ತೆಗೆದುಹಾಕಿ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರಿಗೆ ಇದೊಂದು ದೊಡ್ಡ ಉಪಕಾರ. ಆ ಹೊತ್ತಿಗೆ ಬೇಕಾದಷ್ಟೇ ಸಾರು, ಮಾಂಸ ಬಾಣಲೆಗೆ ಹಾಕಿ ಚೆನ್ನಾಗಿ ಕುದಿಸಿ. ತುಂಡಿನ ನಡುವಿನಿಂದಲೂ ಹಬೆ ಬರಬೇಕು. ನಂತರ ಮಾಂಸವನ್ನು ಚಮಚದಿಂದ ಎಳೆಎಳೆಯಾಗಿ ಬಿಡಿಸಿ. ಈರುಳ್ಳಿ, ಗಜ್ಜರಿ, ಎಲೆಕೋಸು ಸೇರಿಸಿ, ರಸ ಆರುವವರೆಗೆ ಹುರಿಯಿರಿ. ರಸ ಉಳಿದರೆ ಬ್ರೆಡ್ ಮೆತ್ತಗಾಗಿ ಹರಿಯುತ್ತದೆ. ಸಾರಿನಲ್ಲೇ ಉಪ್ಪಿರುವುದರಿಂದ ಮತ್ತೆ ಉಪ್ಪು ಬೇಡ. ಕೊನೆಗೆ ಲಿಂಬೆ ಹಿಂಡಿ.

ಬ್ರೆಡ್ಡನ್ನು ಎಣ್ಣೆ ಇಲ್ಲದ ತವಾದ ಮೇಲೆ ಕೆಂಪಗೆ ಸುಟ್ಟು, ಒಂದು ಬದಿಗೆ ಚಟ್ನಿ ಸವರಿ, ಬಿಸಿ ಮಾಂಸ ಹರಡಿ, ಮೇಲೆ ತೊಳೆದು ಹೆಚ್ಚಿದ ಸೌತೆಕಾಯಿ ಇಟ್ಟು ಮುಚ್ಚಿ. ಹಸಿ ಮೊಟ್ಟೆಯಿಂದ ಮನೆಯಲ್ಲಿ ಮಾಡಿದ ಮೇಯನೇಸ್ ಬೇಡ. ಮೈದಾ ಬ್ರೆಡ್ ಇಷ್ಟವಿಲ್ಲದಿದ್ದರೆ ಇದೇ ಪಲ್ಯವನ್ನು ಬಿಸಿ ಜೋಳದ ರೊಟ್ಟಿಯಲ್ಲಿ ಸುತ್ತಿ ಕೊಡಿ. ರುಚಿಯೂ ಹೆಚ್ಚು, ನಾರಿನಂಶವೂ ಹೆಚ್ಚು. ಮಾಂಸದಿಂದ ಪ್ರೋಟೀನ್, ಕಬ್ಬಿಣ, ಬಿ12 ಸಿಗುತ್ತವೆ. ಹಬ್ಬದ ಊಟದಲ್ಲಿ ಮರೆತಿದ್ದ ತರಕಾರಿಯೂ ಹೊಟ್ಟೆ ಸೇರುತ್ತದೆ.

ಟಿಫಿನ್ ಡಬ್ಬಿಗೆ ಬೇಡ

ಬೆಳಿಗ್ಗೆ 8ಕ್ಕೆ ಕಟ್ಟಿದ ಡಬ್ಬಿಯನ್ನು ಮಗು ತೆರೆಯುವುದು ಮಧ್ಯಾಹ್ನ 1ಕ್ಕೆ. ಆ 5 ಗಂಟೆ ಮಾಂಸಕ್ಕೆ ಅಪಾಯದ ಹೊತ್ತು. ಮಗು ಎಷ್ಟೇ ಹಟ ಮಾಡಿದರೂ ಈ ಸ್ಯಾಂಡ್‌ವಿಚ್ ಮನೆಯಲ್ಲೇ, ಮಾಡಿದ ಕೂಡಲೇ ತಿನ್ನುವಂಥದ್ದು. ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಮತ್ತೆ ಇಡಬೇಡಿ.

ಆದರೂ ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಎಳೆಗೂಸು, ಗರ್ಭಿಣಿ, ವೃದ್ಧರ ವಿಷಯದಲ್ಲಿ ಕಾಯಲೇಬೇಡಿ.

ಕೊನೆಯದಾಗಿ ಮನೆಯ ಗಂಡಸರಿಗೆ, ಬೆಳೆದ ಹುಡುಗರಿಗೆ ಒಂದು ಮಾತು. ಹಬ್ಬದ ರಾತ್ರಿ ಡಬ್ಬಿ ತುಂಬಿ ಫ್ರಿಜ್‌ಗೆ ಇಡಲು ಬೇಕಾದದ್ದು ಕಾಲು ಗಂಟೆ. ದಿನವಿಡೀ ದುಡಿದ ಅಮ್ಮಿಗೆ ಆ ಕಾಲು ಗಂಟೆಯನ್ನು ನೀವು ಉಳಿಸಿಕೊಡಿ. ಮರುದಿನ ಮನೆಮಂದಿಯ ಆರೋಗ್ಯವನ್ನು ಉಳಿಸಿದಂತೆಯೂ ಆಗುತ್ತದೆ.