ಕಣ್ಣು ಮುಚ್ಚಿದ 20 ನಿಮಿಷ

ಮದುವೆ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗದ ಮಗುವನ್ನು ನೀವು ನೋಡಿರುತ್ತೀರಿ. ಕಣ್ಣು ಕೆಂಪಾಗಿರುತ್ತದೆ, ಆದರೂ ಓಡುತ್ತದೆ, ಕುರ್ಚಿ ಎಳೆಯುತ್ತದೆ, ಸುಮ್ಮಸುಮ್ಮನೆ ರಚ್ಚೆ ಹಿಡಿಯುತ್ತದೆ. "ಅದಕ್ಕೆ ನಿದ್ದೆ ಬಂದಿದೆ, ಮಲಗಿಸ್ರೋ" ಎನ್ನುತ್ತಾರೆ ಅಜ್ಜಿ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಪೂರ್ತಿ ಎಚ್ಚರದಿಂದ ನಿದ್ದೆಗೆ ಇಳಿಯುವ ದಾರಿಯಲ್ಲಿ ಹಲವು ಮೆಟ್ಟಿಲುಗಳಿವೆ. ಮಂಪರು, ಜೊಂಪು, ತೂಕಡಿಕೆ ಎಂದು ನಮ್ಮ ಮಾತಿನಲ್ಲೇ ಅವಕ್ಕೆ ಹೆಸರುಗಳಿವೆ. ಸುಮ್ಮನೆ ಒರಗಿ ಕಣ್ಣು ಮುಚ್ಚಿದಾಗ ಮಿದುಳು ಈ ಮೆಟ್ಟಿಲುಗಳನ್ನು ಎಷ್ಟು ಬೇಗ ಇಳಿಯುತ್ತದೆ? ಅಳೆಯಬೇಕಾದದ್ದು ಇದನ್ನೇ. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ಉಲ್ರಿಖ್ ಹೇಗರ್ಲ್ ಮತ್ತು ಅವರ ಸಂಗಡಿಗರು ಇದಕ್ಕಾಗಿ ವಿಗಾಲ್ ಎಂಬ ಗಣಕ ವಿಧಾನವನ್ನು ರೂಪಿಸಿದರು.

ತಲೆಯ ಮೇಲೆ ಇಇಜಿ ಎಲೆಕ್ಟ್ರೋಡ್‌ಗಳನ್ನು ಕೂರಿಸಿ, ಸುಮಾರು 15ರಿಂದ 20 ನಿಮಿಷ ಮಿದುಳಿನ ಅಲೆಗಳನ್ನು ದಾಖಲಿಸುತ್ತಾರೆ. ಗಣಕವು ಅದನ್ನು ಒಂದೊಂದು ಸೆಕೆಂಡಿನ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಮೆಟ್ಟಿಲನ್ನು ಗೊತ್ತುಮಾಡುತ್ತದೆ. 20 ನಿಮಿಷಕ್ಕೆ 1200 ತುಂಡು. ಕಣ್ಣು ಮುಚ್ಚಿ ಆರಾಮವಾಗಿದ್ದಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯುವ ಆಲ್ಫಾ ಅಲೆ ಎದ್ದು ಕಾಣುತ್ತದೆ. ಎಚ್ಚರ ಸಡಿಲಗೊಂಡಂತೆ ಅದು ಮುಂಭಾಗದತ್ತ ಸರಿದು, ಮತ್ತೆ ಚದುರಿಹೋಗುತ್ತದೆ. ಬಳಿಕ ನಿಧಾನಗತಿಯ ಅಲೆಗಳು, ಕೊನೆಗೆ ನಿದ್ದೆಯ ಗುರುತುಗಳು.

ಇಲ್ಲೊಂದು ಕಡೆ ಹೊಸಬರು ಎಡವುತ್ತಾರೆ, ಆದ್ದರಿಂದ ತುಸು ನಿಲ್ಲೋಣ. ಮನಸ್ಸಿನಲ್ಲೇ ಕಷ್ಟದ ಲೆಕ್ಕ ಮಾಡುತ್ತಿರುವವರಲ್ಲೂ ಆಲ್ಫಾ ಅಡಗಿ ಗೆರೆ ಚಪ್ಪಟೆಯಾಗುತ್ತದೆ. ಆಗತಾನೇ ಜೊಂಪು ಹತ್ತಿದವರಲ್ಲೂ ಹಾಗೆಯೇ. ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎರಡೂ ಒಂದೇ ಥರ ಕಂಡರೆ ಬೇರ್ಪಡಿಸುವುದು ಹೇಗೆ? ಕಣ್ಣಿನಿಂದ. ಜೊಂಪು ಹತ್ತಿದಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಮೆಲ್ಲಗೆ ಅತ್ತಿತ್ತ ತೇಲುತ್ತದೆ, ದಾಖಲೆಯಲ್ಲಿ ಅದು ಉದ್ದನೆಯ, ಸೋಮಾರಿ ಅಲೆಯಾಗಿ ಮೂಡುತ್ತದೆ. ಆ ಅಲೆ ಕಂಡರೆ ಜೊಂಪು. ಇಲ್ಲದಿದ್ದರೆ ಗಟ್ಟಿ ಎಚ್ಚರ. ಇಷ್ಟು ಸಣ್ಣ ಗುರುತನ್ನು ನೆಚ್ಚಿಕೊಂಡು ಇಷ್ಟು ದೊಡ್ಡ ವ್ಯತ್ಯಾಸ ತಿಳಿಯುವುದು ನನಗೆ ಇಂದಿಗೂ ಬೆರಗು.

ಖಿನ್ನತೆ, ಉನ್ಮಾದ ಇರುವವರನ್ನು ಹೀಗೆ ಅಳೆದಾಗ ಕಂಡುಬಂದದ್ದೇನು? ಖಿನ್ನತೆಯವರು "ಸುಸ್ತು, ಶಕ್ತಿಯೇ ಇಲ್ಲ" ಎನ್ನುತ್ತಾರೆ. ಆದರೆ ಅವರಲ್ಲಿ ಅನೇಕರ ಮಿದುಳು ಆ 20 ನಿಮಿಷದಲ್ಲಿ ಕೆಳಗಿಳಿಯಲು ಒಪ್ಪುವುದೇ ಇಲ್ಲ. ಉನ್ಮಾದದಲ್ಲಿ, ಅಂದರೆ ಮೇನಿಯಾದಲ್ಲಿ, ಮಾತು ನಿಲ್ಲದವರು ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಮಂಪರಿಗೆ ಜಾರುವುದುಂಟು. ಈಗ ಆ ಮಗುವನ್ನು ನೆನೆಯಿರಿ. ಜಾರುತ್ತಿರುವ ಎಚ್ಚರವನ್ನು ಎತ್ತಿಹಿಡಿಯಲು ಮಿದುಳು ಗದ್ದಲವನ್ನು ಹುಡುಕುತ್ತದೆ, ಬಿಗಿದುಕೊಂಡ ಎಚ್ಚರವಾದರೆ ಗದ್ದಲದಿಂದ ದೂರ ಸರಿಯುತ್ತದೆ ಎಂಬುದು ಹೇಗರ್ಲ್ ಅವರ ವಿವರಣೆ. ಒಂದು ರಾತ್ರಿ ನಿದ್ದೆಗೆಟ್ಟರೆ ಖಿನ್ನತೆಯ ಹಲವರ ಮನಸ್ಸು ಸ್ವಲ್ಪ ಕಾಲ ಹಗುರಾಗುವುದೂ, ನಿದ್ದೆಗೇಡು ಉನ್ಮಾದವನ್ನು ಕೆರಳಿಸುವುದೂ ಇದಕ್ಕೆ ಹೊಂದುತ್ತವೆ.

ಹೊಂದಿದ ಮಾತ್ರಕ್ಕೆ ಸಾಬೀತಾಗಲಿಲ್ಲ. ಎಚ್ಚರ ಹೆಚ್ಚಿಸುವ ಮೀಥೈಲ್‌ಫೆನಿಡೇಟ್ ಔಷಧವನ್ನು ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದಾಗ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಜೊತೆಗೆ, ಇವೆಲ್ಲ ಗುಂಪಿನ ಸರಾಸರಿಗಳು. ಒಬ್ಬರ ಗೆರೆ ನೋಡಿ "ನಿಮಗೆ ಖಿನ್ನತೆ" ಎನ್ನಲು ಆಗದು. ನಿನ್ನೆ ರಾತ್ರಿಯ ನಿದ್ದೆ, ಬೆಳಗಿನ ಕಾಫಿ, ನುಂಗಿದ ಮಾತ್ರೆ ಎಲ್ಲವೂ ಗೆರೆಯನ್ನು ಬದಲಿಸುತ್ತವೆ.

ಹಾಗಾಗಿ ದಾಖಲಿಸುವವರು ಮೊದಲು ಇವನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಮಾಮೂಲಿ ಇಇಜಿಯಲ್ಲಿ ತೂಕಡಿಸಿದವರನ್ನು ಕರೆದು ಎಚ್ಚರಿಸುವುದುಂಟು. ಇಲ್ಲಿ ಹೇಳುವುದೇ ಬೇರೆ: "ಕಣ್ಣು ಮುಚ್ಚಿ ಆರಾಮವಾಗಿರಿ. ನಿದ್ದೆ ಬಂದರೆ ತಡೆಯಬೇಡಿ." ಅಷ್ಟು ಹೇಳಿ ದೀಪ ತಗ್ಗಿಸಿದ ಮೇಲೆ 20 ನಿಮಿಷ ಯಾರೂ ಮಾತಾಡುವಂತಿಲ್ಲ.